ಮೂರು ವಾರಕ್ಕೊಂದು ಸೂಜಿ

ಆಷಾಢದ ಒಂದು ಸೋಮವಾರ ಬೆಳಿಗ್ಗೆ ನಾನು ಹೊನ್ನಾವರದ ಸಣ್ಣ ಆಸ್ಪತ್ರೆಯೊಂದರ ಮುಂಬಾಗಿಲ ಮೆಟ್ಟಿಲ ಮೇಲೆ, ಹೆದ್ದಾರಿಗೆ ಮುಖ ಮಾಡಿ ನಿಂತಿದ್ದೆ. ನಾನು ಅಲ್ಲಿನ ವೈದ್ಯ. ಹೊರರೋಗಿಗಳನ್ನು ನೋಡುವುದು ಅರ್ಧ ಮುಗಿದಿತ್ತು. ಮಳೆ ಸ್ವಲ್ಪ ಬಿಟ್ಟಿದ್ದರಿಂದ ಗಾಳಿಗೆಂದು ಹೊರಗೆ ಬಂದಿದ್ದೆ. ಅಲ್ಲಿಂದ ಗೇಟು ಮತ್ತು ಗೇಟಿನಾಚೆಯ ರಸ್ತೆ ಎರಡೂ ಚೆನ್ನಾಗಿ ಕಾಣುತ್ತವೆ.

ಭಟ್ಕಳದ ಕಡೆಯಿಂದ ಬಂದ ಪ್ಯಾಸೆಂಜರ್ ಟೆಂಪೋ ಒಂದು ಕುಮಟೆಯತ್ತ ಮುಂದುವರಿಯದೆ ನಮ್ಮ ಗೇಟಿಗೆ ತಿರುಗಿತು. ತಿರುಗಿದ ರೀತಿ ಸರಿ ಇರಲಿಲ್ಲ. ಎಡ ಚಕ್ರ ಗಟಾರದ ಕಲ್ಲಿಗೆ ತಾಗಿ ಮೇಲೆದ್ದು ಇಳಿಯಿತು. ಟೆಂಪೋ ಅಂಗಳದ ನಡುವೆ ನಿಂತಿತು. ಒಳಗೆ ಜನ ತುಂಬಿದ್ದರು.

ಮೊದಲು ಕೇಳಿದ್ದು ಹೊಳೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ದನಿ. "ಹೋಯ್, ಕುಮಟೆ ಟೆಂಪೋ ಅಂತ ಹತ್ತಿದ್ದೆ ನಾನು. ಆಸ್ಪತ್ರೆಗೆ ತಂದು ಎಂತಕ್ಕೆ ನಿಲ್ಸಿದ್ಯಾ? ನನ್ನ ಮೀನಿಗೆ ಜ್ವರ ಬಂದದ್ಯಾ?"

ಯಾರೋ ನಕ್ಕರು. ಚಾಲಕ ಬಾಗಿಲು ತೆರೆದು ಇಳಿದ. ಇಳಿಯುವಾಗ ಬಲಗೈ ಹಿಡಿಕೆಯನ್ನು ಹುಡುಕಲಿಲ್ಲ, ಸುಮ್ಮನೆ ಜೋತಾಡುತ್ತಿತ್ತು. ನಗು ಅಲ್ಲಿಗೆ ನಿಂತಿತು.

ಅವರನ್ನು ನಾನು ಮುಖದಿಂದ ಬಲ್ಲೆ. ಅರವತ್ತರ ಸಮೀಪದ ಮನುಷ್ಯ. ಭಟ್ಕಳ–ಕುಮಟೆ ಲೈನಿನಲ್ಲಿ ಬಹಳ ವರ್ಷದಿಂದ ಟೆಂಪೋ ಓಡಿಸುವವರು. ಅಂದು ಮುಖ ಕಡುಗೆಂಪಾಗಿತ್ತು. ಕಣ್ಣಿನ ಬಿಳಿಯೂ ಕೆಂಪಾಗಿತ್ತು. ಏನೋ ಹೇಳಲು ಬಾಯಿ ತೆರೆದರು. ಶಬ್ದ ಬಂತು, ಮಾತು ಬರಲಿಲ್ಲ.

ಸಿಸ್ಟರ್ ಮತ್ತು ನಾನು ಅವರನ್ನು ತುರ್ತು ಕೋಣೆಯ ಮಂಚಕ್ಕೆ ಒಯ್ದೆವು. ಬಲಗೈ ಎತ್ತಲು ಹೇಳಿದೆ. ಸ್ವಲ್ಪ ಎದ್ದು ಬಿತ್ತು. ರಕ್ತದೊತ್ತಡ ಹೆಚ್ಚಿತ್ತು, ಸಕ್ಕರೆ ಸರಿ ಇತ್ತು. ನಾವು ಇಷ್ಟನ್ನು ನೋಡಿ ಮುಗಿಸುವಷ್ಟರಲ್ಲಿ ಬೆರಳುಗಳು ಅಲುಗಾಡತೊಡಗಿದವು. ಆಮೇಲೆ ಮಾತೂ ಬಂತು.

"ಎಂತ ಆಗ್ಲಿಲ್ಲ ಡಾಕ್ಟ್ರೇ," ಎಂದರು. "ಸೇತುವೆ ಮೇಲೆ ಬರ್ತಾ ಇದ್ದೆ. ಸ್ಟಿಯರಿಂಗ್ ತಿರಗ್ಸ್ವಾ ಅಂದ್ರೆ ಬಲಗೈ ನಂದಲ್ಲ ಅಂತ ಆತು. ಎಡಗೈಯಲ್ಲೇ ತಂದೆ. ಜನ ಇದ್ರಲ್ಲ ಒಳಗೆ."

ಮಿದುಳಿನ ಒಂದು ಭಾಗಕ್ಕೆ ಸ್ವಲ್ಪ ಹೊತ್ತು ರಕ್ತ ನಿಂತು ಮತ್ತೆ ಹರಿದಿದೆ ಎಂದು ಗೊತ್ತಾಯಿತು. ಇಂಥದು ಒಂದು ಸಲ ಬಂದರೆ ಅದೇ ದಿನ ಮತ್ತೆ ಬರಬಹುದು. ಮತ್ತೆ ಬಂದದ್ದು ಬಿಟ್ಟು ಹೋಗದೆಯೂ ಇರಬಹುದು.

ರಕ್ತ ತೆಗೆಯಲು ಬಂದ ನಮ್ಮ ಲ್ಯಾಬ್ ಟೆಕ್ನೀಷಿಯನ್ ಮೊದಲ ಸಲ ಸೂಜಿ ಚುಚ್ಚಿದಾಗ ಸಿರಿಂಜಿನೊಳಗೆ ಏನೂ ಬರಲಿಲ್ಲ. ನಾಳ ಸಿಕ್ಕಿತ್ತು, ಸೂಜಿಯ ಬಾಯಲ್ಲೇ ರಕ್ತ ಕಟ್ಟಿತ್ತು. ಎರಡನೇ ಸಲ ದಪ್ಪ ಸೂಜಿ ಹಾಕಿದರು. ಬಂದ ರಕ್ತ ಕಪ್ಪಗೆ, ನಿಧಾನವಾಗಿ ಇಳಿಯಿತು. ರಕ್ತ ಎಣಿಸುವ ಯಂತ್ರ ಒಂದು ಸಲ ಅಂಕಿ ಕೊಡಲಿಲ್ಲ. ಅವರು ಮಾದರಿಯನ್ನು ತೆಳು ಮಾಡಿ ಮತ್ತೆ ಓಡಿಸಿದರು. ಸಾಮಾನ್ಯ ಗಂಡಸಿನ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಐವತ್ತರೊಳಗೆ ಇರುತ್ತದೆ. ಇವರದು ಎಪ್ಪತ್ತನ್ನು ದಾಟಿತ್ತು. ಮಾದರಿಯನ್ನು ಗಿರಗಿರನೆ ತಿರುಗಿಸಿ ತಂದ ನಳಿಕೆಯನ್ನೂ ಅವರು ನನಗೆ ತೋರಿಸಿದರು. ಮೇಲೆ ಕಾಲು ಭಾಗದಷ್ಟೇ ಹಳದಿ ನೀರು, ಕೆಳಗೆಲ್ಲ ಕೆಂಪು.

ಅಷ್ಟು ದಪ್ಪ ರಕ್ತಕ್ಕೆ ಕಾರಣ ಬೇಕು. ಬೀಡಿ ಇಲ್ಲ. ಶ್ವಾಸಕೋಶ ಸರಿ ಇದೆ. ವಾಂತಿ ಭೇದಿ ಇಲ್ಲ. ಮೂಳೆಯ ಮಜ್ಜೆಯ ಕಾಯಿಲೆಯೇ ಎಂದು ನಾನು ಯೋಚಿಸುತ್ತಿದ್ದೆ. "ಮದ್ದು ಎಂತಾದ್ರೂ ತಗೊಳ್ತೀರಾ?" ಎಂದು ಕೇಳಿದೆ.

"ಬೀಪಿ ಗುಳಿಗೆ ಒಂದೇ. ಮತ್ತೆ ತಾಕತ್ತಿನ ಸೂಜಿ, ಅದು ಎಲ್ಲಾರೂ ತಗೊಳೂದೇ ಅಲ್ವಾ."

ನಮ್ಮ ಕರಾವಳಿಯಲ್ಲಿ ತಾಕತ್ತಿನ ಸೂಜಿ ಎಂದರೆ ಬಿ-ಕಾಂಪ್ಲೆಕ್ಸ್. ಸುಸ್ತು ಎಂದು ಬಂದವರಲ್ಲಿ ಅರ್ಧ ಜನ ಅದನ್ನು ಹೆಸರಿಟ್ಟು ಕೇಳುತ್ತಾರೆ. ಅದಕ್ಕೂ ಈ ರಕ್ತಕ್ಕೂ ಸಂಬಂಧವಿಲ್ಲ. ನಾನು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಅವರೇ ಸಿಸ್ಟರಿಗೆ ಹೇಳಿದರು: "ಸಿಸ್ಟ್ರೇ, ಇವತ್ತು ಸೋಮಾರ. ನನ್ನ ವಾರ. ಹ್ಯಾಂಗೂ ಆಸ್ಪತ್ರೆಗೆ ಬಂದಾತು, ಇವತ್ತಿಂದು ಇಲ್ಲೇ ಹಾಕ್ಬಿಡಿ. ಸೂಜಿ ಕಿಸೆಯಲ್ಲೇ ಅದೆ. ಅದು ಬಿದ್ರೆ ಸರಿ ಆಗ್ತದೆ."

ಸಿಸ್ಟರ್ ಚಾಲಕರ ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಗಾಜಿನ ಆಂಪೂಲ್ ತೆಗೆದು ಬೆಳಕಿಗೆ ಹಿಡಿದರು. ಒಳಗಿನದು ಎಣ್ಣೆ. ಬಿ-ಕಾಂಪ್ಲೆಕ್ಸ್ ನೀರಿನ ಹಾಗೆ ಇರುತ್ತದೆ. ಅವರು ಅದನ್ನು ನನ್ನ ಕೈಗೆ ಕೊಟ್ಟರು. ಮೇಲೆ ಬರೆದಿದ್ದುದು ಟೆಸ್ಟೋಸ್ಟೆರಾನ್, ಗಂಡು ಹಾರ್ಮೋನು.

"ಇದನ್ನು ಯಾರು ಬರೆದುಕೊಟ್ಟರು?"

ಕುಮಟೆಗೆ ತಿಂಗಳಿಗೊಮ್ಮೆ ಬರುವ ಹಾರ್ಮೋನು ತಜ್ಞರು. ಕಾರಣ ಸರಿಯಾದದ್ದೇ. ಹಿಂದೊಮ್ಮೆ ಬಾವು ಬಂದು ಒಂದು ವೃಷಣವನ್ನು ತೆಗೆದಿದ್ದರು; ಉಳಿದದ್ದು ವಯಸ್ಸಿನೊಂದಿಗೆ ಸೋತಿತ್ತು. ಸ್ಟಿಯರಿಂಗ್ ಹಿಡಿದಲ್ಲೇ ನಿದ್ದೆ, ಯಾವುದರಲ್ಲೂ ಮನಸ್ಸಿಲ್ಲ, ತೋಳು ತೆಳ್ಳಗಾಗುತ್ತ ಬಂದಿತ್ತು. ಬೇರೆ ಬೇರೆ ದಿನ ಎರಡು ಸಲ ಬೆಳಗಿನ ರಕ್ತ ನೋಡಿ, ಎರಡರಲ್ಲೂ ಮಟ್ಟ ಬಹಳ ಕೆಳಗಿದ್ದುದರಿಂದಲೇ ತಜ್ಞರು ಸೂಜಿ ಶುರು ಮಾಡಿದ್ದರು. ವಯಸ್ಸಾದ ಗಂಡಸಿಗೆ ಈ ಹಾರ್ಮೋನು ಕೊಡುವುದು ಮಟ್ಟವನ್ನು ಅವನ ವಯಸ್ಸಿಗೆ ತಕ್ಕ ಮಿತಿಗೆ ತರುವುದಕ್ಕೆ. ಮಿತಿ ಮೀರಿದರೆ ಅದು ಮೂಳೆಯ ಮಜ್ಜೆಯನ್ನು ಎಬ್ಬಿಸಿ ಕೆಂಪು ಕಣಗಳನ್ನು ತಯಾರಿಸುತ್ತಲೇ ಹೋಗುತ್ತದೆ. ಅದಕ್ಕೇ ನಡುನಡುವೆ ರಕ್ತ ಪರೀಕ್ಷೆಗೆ ಬರಬೇಕು. ಇವರು ಒಂದು ಸಲವೂ ಹೋಗಿರಲಿಲ್ಲ. ಮೈ ಹಗುರಾಗಿದೆ, ಇನ್ನೇಕೆ ಎಂದುಕೊಂಡಿದ್ದರಂತೆ.

"ಎಷ್ಟು ದಿನಕ್ಕೊಂದು ತಗೊಳ್ತೀರಿ?"

"ಡಾಕ್ಟ್ರು ಹೇಳಿದ ಹಾಂಗೇ. ಮೂರು ವಾರಕ್ಕೊಂದು."

ಅದು ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕಕ್ಕೆ ಈ ರಕ್ತ ಬರಲಾರದು. "ಹಿಂದಿನದು ಯಾವಾಗ?" ಎಂದೆ.

"ಮೊನ್ನೆ ಶನಿವಾರ, ಕುಮಟೆಯಲ್ಲಿ. ಅದರ ಮುಂಚಿಂದು ಗುರುವಾರ, ಭಟ್ಕಳದಲ್ಲಿ. ಸೋಮಾರದ್ದು ಇಲ್ಲೇ ಬಸ್‌ಸ್ಟ್ಯಾಂಡ್ ಹತ್ರ ಒಂದು ಕ್ಲಿನಿಕ್ ಅದೆಯಲ್ಲ, ಅಲ್ಲಿ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕಡೆ ಮೀನು ತಿನ್ನುವ ಮನೆಗಳಲ್ಲಿ 'ವಾರ ಮಾಡುವುದು' ಎಂದಿದೆ. ಹರಕೆಗೋ ನಂಬಿಕೆಗೋ ಸೋಮವಾರ, ಶನಿವಾರದಂಥ ಕೆಲವು ದಿನ ಮೀನು ಮುಟ್ಟುವುದಿಲ್ಲ; ಆ ದಿನವೇ 'ವಾರ'. ಇವರು ಮೂರು ವಾರ ಮಾಡುವವರು: ಸೋಮ, ಗುರು, ಶನಿ. ತಜ್ಞರು 'ಮೂರು ವಾರಕ್ಕೊಂದು ಸೂಜಿ, ತಪ್ಪಿಸಬೇಡಿ' ಎಂದಿದ್ದರು. ಇವರು ಮೂರೂ ವಾರಕ್ಕೆ ಒಂದೊಂದರಂತೆ ತಪ್ಪಿಸದೆ ತೆಗೆದುಕೊಂಡಿದ್ದರು, ಆರೇಳು ತಿಂಗಳು. ಮೂರು ಊರಿನಲ್ಲೂ ಗುರುತಿನ ಮುಖ. ಪ್ರತಿ ಕಡೆಯವರಿಗೂ ಇವರು ವಾರಕ್ಕೊಮ್ಮೆ ತಾಕತ್ತಿನ ಸೂಜಿಗೆ ಬರುವ ಡ್ರೈವರ್. ಅವಸರದಲ್ಲಿ ಯಾರೂ ಆಂಪೂಲಿನ ಮೇಲಿನ ಹೆಸರು ಓದಲಿಲ್ಲವೋ, ಓದಿಯೂ ಸುಮ್ಮನಿದ್ದರೋ ನನಗೆ ತಿಳಿಯದು.

ಕುಮಟೆಯ ತಜ್ಞರಿಗೆ ಫೋನು ಮಾಡಿದೆ. ಆ ದಿನ ಅವರು ತಮ್ಮ ಊರಿನಲ್ಲಿದ್ದರು. ನಾನು ಹೇಳಿದ್ದನ್ನು ಕೇಳಿ, "ನಾನು ಮೂರು ವಾರಕ್ಕೊಂದು ಎಂದೇ ಹೇಳಿದ್ದು," ಎಂದರು.

"ಅವರೂ ಹಾಗೇ ಕೇಳಿಸಿಕೊಂಡಿದ್ದಾರೆ," ಎಂದೆ. ಸೋಮ, ಗುರು, ಶನಿ ಎಂದು ಬಿಡಿಸಿ ಹೇಳಿದೆ.

ಆಮೇಲೆ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟು: ನರರೋಗ ತಜ್ಞರಿರುವ ಕಡೆಗೆ ಕಳಿಸಿ, ಕಳಿಸಲಾಗದಿದ್ದರೆ ಕಾಯಬೇಡಿ, ಅಲ್ಲೇ ರಕ್ತ ತೆಗೆಯಿರಿ, ಸುಮಾರು ಅರ್ಧ ಲೀಟರು. ಎಷ್ಟು ತೆಗೆಯುತ್ತೀರೋ ಅಷ್ಟು ಸಲೈನ್ ಇನ್ನೊಂದು ಕೈಗೆ ಕೊಡುತ್ತಿರಿ.

ಕಳಿಸಬೇಕಾದದ್ದು ಉಡುಪಿಯ ಕಡೆಗೆ. ಆಂಬುಲೆನ್ಸಿನವರು ಹೊರಡುವ ಮೊದಲು ದಾರಿ ವಿಚಾರಿಸಿದರು. ಇವರ ಟೆಂಪೋ ದಾಟಿ ಬಂದ ಸ್ವಲ್ಪ ಹೊತ್ತಿಗೆ ಮಾವಳ್ಳಿಯಿಂದ ಮುಂದೆ, ಭಟ್ಕಳದ ದಾರಿಯಲ್ಲಿ, ಗುಡ್ಡದ ಮಣ್ಣು ಮರ ಸಮೇತ ಹೆದ್ದಾರಿಗೆ ಇಳಿದಿತ್ತು. ಎರಡೂ ಬದಿಯಲ್ಲಿ ಗಾಡಿಗಳು ನಿಂತಿದ್ದವು. ಉತ್ತರಕ್ಕೆ ಕುಮಟೆಗೆ ಒಯ್ದರೆ ಸ್ಕ್ಯಾನ್ ಆದೀತು, ಆದರೆ ಮುಂದಿನ ಚಿಕಿತ್ಸೆಗೆ ಮತ್ತೆ ಇದೇ ದಾರಿಯಲ್ಲಿ ದಕ್ಷಿಣಕ್ಕೇ ಬರಬೇಕು. ಸ್ಕ್ಯಾನ್ ಇಲ್ಲದೆ ಹೆಪ್ಪು ಕರಗಿಸುವ ಮದ್ದು ಕೊಡುವಂತಿಲ್ಲ. ಉಳಿದದ್ದು ರಕ್ತ ತೆಗೆಯುವುದೊಂದೇ. ಅದಕ್ಕೆ ಬೇಕಾದ ಚೀಲ ನಮ್ಮಲ್ಲಿ ಇರಲಿಲ್ಲ. ಚೀಲಕ್ಕೆ ಕುಮಟೆಗೆ ಫೋನು ಮಾಡಿ, ತರಲು ಅದೇ ಲೈನಿನ ಇನ್ನೊಬ್ಬ ಡ್ರೈವರನನ್ನು ಕಳಿಸಿದೆವು.

ಅಷ್ಟರಲ್ಲಿ ಚಾಲಕರ ಹೆಂಡತಿ ಹೊಳೆಯಾಚೆಯಿಂದ ರಿಕ್ಷಾ ಮಾಡಿಕೊಂಡು ಬಂದರು. ಟೆಂಪೋ ಸ್ಟ್ಯಾಂಡಿನವರೂ ಬಂದರು. 'ರಕ್ತದ ತೊಂದರೆ' ಎಂಬ ಮಾತು ಮಾತ್ರ ಹೊರಗೆ ಹೋಗಿತ್ತು. ನಮ್ಮಲ್ಲಿ ಆ ಮಾತು ಕೇಳಿದರೆ ಜನ ಮಾಡುವುದು ಒಂದೇ. ಐದಾರು ಡ್ರೈವರರು ತೋಳು ಮಡಚಿ ಕಾರಿಡಾರಿನಲ್ಲಿ ಸಾಲು ನಿಂತರು.

"ನಂದು ಓ ಪಾಸಿಟಿವ್, ಎಷ್ಟು ಬೇಕಾದ್ರೂ ತಗೊಳ್ಳಿ ಡಾಕ್ಟ್ರೇ," ಎಂದ ಒಬ್ಬ.

"ನಿಂದು ತಗೊಂಡ್ರೆ ಅಂವನೂ ನಿನ್ನ ಹಾಂಗೆ ಸಾಲ ಕೇಳೂಕೆ ಶುರು ಮಾಡ್ತ," ಎಂದ ಇನ್ನೊಬ್ಬ.

ಇವರಿಗೆ ರಕ್ತ ಕೊಡುವುದಲ್ಲ, ಇವರಿಂದ ತೆಗೆಯಬೇಕು ಎಂದು ನಾನು ಹೇಳಿದೆ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ತೆಗೀಲಿಕ್ಕಾ? ಎಂತ ಹೇಳ್ತ್ರಿ ಡಾಕ್ಟ್ರೇ? ತಾಕತ್ತಿಲ್ಲ ಅಂತ್ಲೇ ಸೂಜಿ ಕೊಟ್ಟದ್ದು. ಈಗ ಇದ್ದ ರಕ್ತನೂ ತೆಗೆದ್ರೆ ಇವ್ರು ಉಳೀತ್ರಾ?"

ನಾನು ಸೂಜಿಯ ವಿಷಯ ಹೇಳಿದೆ. ಅವರು ಗಂಡನ ಕಡೆ ನೋಡಿದರು. "ಮೂರು ವಾರ ಅಂದದ್ದು ಹೌದು. ಇವ್ರು ವಾರ ಮಾಡೂದು ಆ ಡಾಕ್ಟ್ರಿಗೆ ಹ್ಯಾಂಗೆ ಗೊತ್ತಾತು ಅಂತ ನಾನೇ ಕೇಳಿದ್ದೆ ಇವ್ರ ಹತ್ರ. ದೊಡ್ಡ ಡಾಕ್ಟ್ರು, ಮುಖ ನೋಡಿ ತಿಳಕೊಂಡ್ರು ಅಂದ್ರು." ಆಮೇಲೆ ಗಟ್ಟಿಯಾಗಿ, "ಬ್ಯಾಡ. ರಸ್ತೆ ಬಿಡೂವರಿಗೆ ಕಾಯ್ವಾ. ರಕ್ತ ತೆಗೂದು ಬ್ಯಾಡ," ಎಂದರು.

ಚಾಲಕರು ಮಂಚದಿಂದ, "ಇವ್ಳಿಗೆ ಹೆದ್ರಿಕೆ ಡಾಕ್ಟ್ರೇ. ನಾ ಹೇಳ್ತೆ..." ಎಂದು ಶುರು ಮಾಡಿದರು. ಆ ವಾಕ್ಯ ಮುಗಿಯಲಿಲ್ಲ. ಬಾಯಿಯ ಬಲಮೂಲೆ ಇಳಿಯಿತು. ಹೆಂಡತಿಯ ಕಡೆ ಚಾಚಿದ್ದ ಕೈ ಮಂಚದ ಅಂಚಿಗೆ ಬಿತ್ತು. ಆಮೇಲೆ ಕಾಲೂ ಸೋತಿತು. ಕಣ್ಣು ಮಾತ್ರ ತೆರೆದಿತ್ತು, ನಮ್ಮೆಲ್ಲರನ್ನೂ ನೋಡುತ್ತಿತ್ತು. ನಾವು ಕಾದೆವು. ಬೆರಳು ಅಲುಗಲಿಲ್ಲ. ಈ ಸಲ ಅದು ಬಿಟ್ಟು ಹೋಗಲಿಲ್ಲ.

ಹೆಂಡತಿ ಅಳಲಿಲ್ಲ. "ಬ್ಯಾಡ" ಎಂದದ್ದನ್ನು ಹಿಂದೆಗೆದುಕೊಳ್ಳಲೂ ಇಲ್ಲ. ಈಗಂತೂ ಇದ್ದ ರಕ್ತ ಗಂಡನಿಗೆ ಇನ್ನೂ ಅಗತ್ಯ ಎಂದೇ ಅವರಿಗೆ ಕಂಡಿರಬೇಕು. ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ಆಗ ಹೊಳೆಯಿತು. ನಾನು ಅಂಗಿಯ ತೋಳು ಮೇಲೆತ್ತಿ, ನನ್ನ ರಕ್ತ ತೆಗೆಯಲು ಟೆಕ್ನೀಷಿಯನ್‌ಗೆ ಹೇಳಿದೆ. ಅವರು ತೆಗೆದು ಯಂತ್ರದಲ್ಲಿಟ್ಟು ತಿರುಗಿಸಿದರು. ಆ ಯಂತ್ರ ನಿಲ್ಲುವವರೆಗೆ ಕಾಯುವುದು ಆ ದಿನದ ಅತಿ ಕಷ್ಟದ ಕೆಲಸವಾಗಿತ್ತು. ಸಿಸ್ಟರ್ ಅಷ್ಟರೊಳಗೆ ಚಾಲಕರ ಎರಡೂ ತೋಳಿಗೆ ಸೂಜಿ ಹಾಕಿ, ಎಡಗಡೆ ಸಲೈನ್ ಶುರು ಮಾಡಿದರು. ಅದಕ್ಕೆ ಯಾರ ತಡೆಯೂ ಇರಲಿಲ್ಲ.

ಎರಡು ನಳಿಕೆಗಳನ್ನು ಹೆಂಡತಿಯ ಕೈಯಲ್ಲಿಟ್ಟೆ. "ಇದು ನಂದು. ಇದು ಇವರದು."

ನನ್ನದರಲ್ಲಿ ಮೇಲಿನ ಅರ್ಧ ತಿಳಿ ಹಳದಿ ನೀರು. ಅವರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದರು. ನನ್ನದು ಅಲುಗಿತು. ಅವರ ಗಂಡನದು ಅಷ್ಟು ಅಲುಗಲಿಲ್ಲ.

"ಇದ್ರಲ್ಲಿ ನೀರೇ ಸಾಲೂದಿಲ್ಲ," ಎಂದರು.

"ಇಲ್ಲ. ಅದಕ್ಕೇ ಹರೀತಿಲ್ಲ."

"ಗಂಜಿ ಆರಿ ಗಟ್ಟಿ ಆದ ಹಾಂಗೆ." ನಳಿಕೆಗಳನ್ನು ಮರಳಿ ಕೊಟ್ಟರು. "ಆತು. ತೆಗೀರಿ."

ಚೀಲ ಇನ್ನೂ ಬಂದಿರಲಿಲ್ಲ. ಕಾಯದಿರಲು ನಿರ್ಧರಿಸಿದೆ. ದೊಡ್ಡ ಸಿರಿಂಜಿನಿಂದ ಕೈಯಲ್ಲೇ ಎಳೆದೆವು. ಒಂದು ಸಿರಿಂಜು ತುಂಬಿದ ಮೇಲೆ ಸೂಜಿಗೆ ಜೋಡಿಸಿದ ತಿರುಪು ಮುಚ್ಚಿ, ಅದನ್ನು ಸ್ಟೀಲಿನ ಬೇಸಿನ್ನಿಗೆ ಖಾಲಿ ಮಾಡಿ, ಮತ್ತೆ ಜೋಡಿಸಿ ಎಳೆಯಬೇಕು. ಸಿಸ್ಟರ್ ಒಟ್ಟು ಎಷ್ಟಾಯಿತು ಎಂದು ಕೂಗಿ ಹೇಳುತ್ತಿದ್ದರು, ಟೆಕ್ನೀಷಿಯನ್ ಅಷ್ಟೇ ಸಲೈನ್ ಹೋಗಿದೆಯೇ ಎಂದು ನೋಡುತ್ತಿದ್ದರು. ಬೇಗ ತೆಗೆದರೆ ಒತ್ತಡ ಕುಸಿದು ಮಿದುಳಿಗೆ ಹೋಗುವ ಇದ್ದ ರಕ್ತವೂ ನಿಲ್ಲಬಹುದು. ನಿಧಾನ ಮಾಡಿದರೆ ಸೂಜಿಯಲ್ಲೇ ಕಟ್ಟುತ್ತದೆ. ಮೂರನೇ ಸಿರಿಂಜಿಗೆ ಕಟ್ಟಿಯೇ ಬಿಟ್ಟಿತು. ಸಲೈನ್ ತಳ್ಳಿ ಬಿಡಿಸಲು ನೋಡಿದೆ, ಬಿಡಲಿಲ್ಲ. ಆ ಸೂಜಿ ತೆಗೆದು ಮೇಲಿನ ನಾಳಕ್ಕೆ ಬೇರೆ ಹಾಕಬೇಕಾಯಿತು. ಮೊದಲ ಪ್ರಯತ್ನ ತಪ್ಪಿತು. ಎರಡನೆಯದು ಸಿಕ್ಕಿತು.

ಕಿಟಕಿಯ ಗಾಜಿನಾಚೆ ಡ್ರೈವರರು ನಿಂತಿದ್ದರು. ಬೇಸಿನ್ ಅವರಿಗೆ ಕಾಣುತ್ತಿತ್ತು. "ಹೋಯ್! ನಾವು ಕೊಡೂಕೆ ಬಂದ್ರೆ ಇವ್ರು ಚೆಲ್ತ್ರಲ್ಲ!" ಎಂದು ಒಬ್ಬ ಬಾಗಿಲು ಬಡಿದ. ಹೆಂಡತಿ ಎದ್ದು ಹೋಗಿ ಬಾಗಿಲು ಅರ್ಧ ತೆರೆದರು. "ಸುಮ್ನಿರಾ ಮಾರಾಯ. ನಾನೇ ಹೇಳಿದ್ದು," ಎಂದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಒತ್ತಡ ಒಮ್ಮೆ ಬಹಳ ಇಳಿಯಿತು. ನಿಲ್ಲಿಸಿದೆವು. ಕಾಲಿನ ಕಡೆ ಮಂಚ ಎತ್ತಿದೆವು, ಸಲೈನ್ ಪೂರ್ತಿ ಬಿಟ್ಟೆವು. ಆ ನಿಲುಗಡೆಯಲ್ಲಿ ನಾನು ಮಾಡುತ್ತಿರುವುದು ಸರಿಯೇ ಎಂದು ನನಗೆ ಖಚಿತವಿರಲಿಲ್ಲ. ಇದನ್ನು ಈಗ ಬರೆಯುವಾಗಲೂ ಖಚಿತವಿದ್ದಂತೆ ಬರೆಯಲಾರೆ. ಒತ್ತಡ ಮೇಲೆ ಬಂದ ಮೇಲೆ ಮುಂದುವರಿಸಿದೆವು. ಆಗ ಕುಮಟೆಗೆ ಹೋಗಿದ್ದ ಡ್ರೈವರ್ ಚೀಲ ಹಿಡಿದು, ಮಳೆಯಲ್ಲಿ ತೊಯ್ದು ಒಳಗೆ ಬಂದ. ಉಳಿದ ರಕ್ತ ಚೀಲಕ್ಕೆ ತಾನಾಗಿ ಇಳಿಯಿತು. ಆ ಇಳಿಯುವಿಕೆ ಬೆಳಗಿನಷ್ಟು ನಿಧಾನವಾಗಿರಲಿಲ್ಲ. ಬಣ್ಣವೂ ಸ್ವಲ್ಪ ತಿಳಿಯಾಗಿತ್ತು.

ಕೈ ಬರಲಿಲ್ಲ. ಮಾತೂ ಬರಲಿಲ್ಲ. ಆದರೆ ಮುಂದೆ ಕೆಡಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಮಾವಳ್ಳಿಯಾಚೆ ಒಂದು ಬದಿಯ ಮಣ್ಣು ತೆಗೆದು ಆಂಬುಲೆನ್ಸುಗಳಿಗೆ ದಾರಿ ಬಿಟ್ಟರು. ನಾನು ಮೆಟ್ಟಿಲವರೆಗೆ ಹೋದೆ. ಹೆಂಡತಿ ಆಂಬುಲೆನ್ಸ್ ಹತ್ತಿ ಕುಳಿತು ನನ್ನನ್ನು ಕೇಳಿದರು: "ನಾ ಮೊದ್ಲೇ ಹೂಂ ಅಂದಿದ್ರೆ ಕೈ ಉಳೀತಿತ್ತಾ?"

"ಗೊತ್ತಿಲ್ಲ ಅಕ್ಕಾ," ಎಂದೆ. ಅದು ನಿಜ. ಬೇರೇನಾದರೂ ಹೇಳಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಈಗ ನಾನು ಯಾರಿಗೂ 'ವಾರ' ಎಂಬ ಮಾತಿನಲ್ಲಿ ಮದ್ದು ಹೇಳುವುದಿಲ್ಲ. ಇಪ್ಪತ್ತೊಂದು ದಿನ ಬಿಟ್ಟು ಎನ್ನುತ್ತೇನೆ, ಮುಂದಿನ ತಾರೀಕನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಸುಸ್ತು ಎಂದು ಬರುವ ಹಿರಿಯ ಗಂಡಸರು 'ತಾಕತ್ತಿನ ಸೂಜಿ' ಎಂದರೆ, ಅದು ನೀರೋ ಎಣ್ಣೆಯೋ ಎಂದು ಕೇಳುತ್ತೇನೆ. ಕುಮಟೆಯ ತಜ್ಞರೂ ಹಾಗೆ ಮಾಡುತ್ತಾರೆ ಎಂದು ಕೇಳಿದ್ದೇನೆ. ಆ ದಿನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಿಲ್ಲ.

ಅಂದು ಆ ಕೋಣೆಯಲ್ಲಿದ್ದು ಇದನ್ನು ಕಂಡವರು, ಇಂದಿಗೂ ಇರುವವರು ಇವರು. ಸಿಸ್ಟರ್, ಈಗ ಕುಮಟೆಯಲ್ಲಿ ಕೆಲಸಕ್ಕಿದ್ದಾರೆ. ಟೆಕ್ನೀಷಿಯನ್, ನಿವೃತ್ತರಾಗಿ ಅಪ್ಸರಕೊಂಡದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಚೀಲ ತಂದ ಡ್ರೈವರ್, ಅದೇ ಲೈನಿನಲ್ಲಿ ಓಡಿಸುತ್ತಿದ್ದಾನೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹೆಂಡತಿ. ಮತ್ತೆ, ಅವರ ಭುಜ ಹಿಡಿದು ರಕ್ತ ಪರೀಕ್ಷೆಗೆ ತಪ್ಪದೆ ಬರುವ ಅವರ ಯಜಮಾನರು. ಟೆಂಪೋ ಮಾರಿ ಆಗಿದೆ. ಬಲಗೈಯಲ್ಲಿ ಚಮಚ ಹಿಡಿಯಲು ಬರುತ್ತದೆ. ಅಂದು ಅವರ ಕಣ್ಣು ತೆರೆದೇ ಇತ್ತು, ಎಲ್ಲವನ್ನೂ ಕಂಡಿದ್ದಾರೆ. ಯಾರಾದರೂ ಕೇಳಿದರೆ ಹೇಳಲು ಹೊರಡುತ್ತಾರೆ. ಎರಡು ಮಾತಿಗೆ ನಾಲಿಗೆ ನಿಲ್ಲುತ್ತದೆ. ಉಳಿದದ್ದು ಹೆಂಡತಿಗೆ ಗೊತ್ತು. ಆದರೂ ಅವರು ಬಾಯಿ ಹಾಕುವುದಿಲ್ಲ. ಮುಂದಿನ ಮಾತು ಬರುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತಾರೆ.